ಮನಾಂಗ್‌ನಿಂದ ಮುಕ್ತಿನಾಥಕ್ಕೆ: ಥೊರಾಂಗ್ ಲಾ ದಾಟಿದ ಅನುಭವ

ಮುಕ್ತಿನಾಥದ ಹೆಸರು ಕರ್ನಾಟಕದ ಅನೇಕ ಮನೆಗಳಿಗೆ ಹೊಸದಲ್ಲ. ಸಾಲಿಗ್ರಾಮದ ಪೂಜೆ ನಡೆಯುವ ಮನೆಗಳಲ್ಲಿ ಗಂಡಕಿ ನದಿಯ ಪ್ರಸ್ತಾಪ ಬಂದೇ ಬರುತ್ತದೆ. ಶ್ರೀವೈಷ್ಣವರಿಗಂತೂ ಅದು 108 ದಿವ್ಯದೇಶಗಳಲ್ಲಿ ಒಂದು. ನಮ್ಮ ಕಡೆಯಿಂದ ಹೋಗುವ ಯಾತ್ರಿಕರು ಸಾಮಾನ್ಯವಾಗಿ ನೇಪಾಳದ ಪೋಖರಾದಿಂದ ಜೊಮ್‌ಸೊಮ್‌ವರೆಗೆ ಪುಟ್ಟ ವಿಮಾನದಲ್ಲೋ ಜೀಪಿನಲ್ಲೋ ಹೋಗಿ, ಅಲ್ಲಿಂದ ದೇವಸ್ಥಾನದ ಬುಡದವರೆಗೂ ಗಾಡಿಯಲ್ಲೇ ತಲುಪುತ್ತಾರೆ. ನಾನೂ ನನ್ನ ಅಕ್ಕನ ಗಂಡನೂ ಹೋದದ್ದು ಬೆಟ್ಟದ ಹಿಂಬದಿಯಿಂದ. ಮರ್ಸ್ಯಾಂಗ್ದಿ ನದಿಯ ಕಣಿವೆಯನ್ನು ಹಿಡಿದು ಮನಾಂಗ್ ಸೇರಿ, 5,416 ಮೀಟರ್ ಎತ್ತರದ ಥೊರಾಂಗ್ ಲಾ ಎಂಬ ಕಣಿವೆಮಾರ್ಗವನ್ನು ದಾಟಿ, ಮುಸ್ತಾಂಗ್ ಜಿಲ್ಲೆಗೆ ಇಳಿಯುವ ದಾರಿ ಅದು. ಅನ್ನಪೂರ್ಣ ಪರ್ವತಶ್ರೇಣಿಯನ್ನು ಸುತ್ತಿಬರುವ ಈ ಚಾರಣದ ಬಗ್ಗೆ ಮಾತಾಡುವವರು ಹೆಚ್ಚಾಗಿ ಪಾಸ್ ದಾಟುವ ಆ ಒಂದು ಬೆಳಗಿನ ಬಗ್ಗೆಯೇ ಹೇಳುತ್ತಾರೆ. ನನಗೆ ಹೇಳಬೇಕೆನಿಸುವುದು ಅದಕ್ಕೂ ಮುಂಚಿನ ದಿನಗಳ ವಿಷಯ. ತೆಳುವಾದ ಗಾಳಿಗೆ ದೇಹ ಒಗ್ಗಿಕೊಳ್ಳುವುದು ತನ್ನದೇ ಗತಿಯಲ್ಲಿ. ಅದನ್ನು ದುಡ್ಡಿನಿಂದಲೂ ಹಟದಿಂದಲೂ ಚುರುಕುಗೊಳಿಸಲು ಬರುವುದಿಲ್ಲ ಎಂಬುದನ್ನು ನಾವಿಬ್ಬರೂ ಆ ಕಣಿವೆಯಲ್ಲಿ ಹಂತಹಂತವಾಗಿ ಕಂಡೆವು.

ಕಾಗದಪತ್ರದ ಕೆಲಸ ಸುಲಭ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. ಇಡೀ ದಾರಿ ಅನ್ನಪೂರ್ಣ ಸಂರಕ್ಷಣಾ ಪ್ರದೇಶದೊಳಗೆ ಬರುವುದರಿಂದ ಅದರ ಪ್ರವೇಶ ಪತ್ರ ಮಾಡಿಸಬೇಕು. ಸಾರ್ಕ್ ದೇಶಗಳವರಿಗೆ ಶುಲ್ಕ ಕಡಿಮೆ. ಕಠ್ಮಂಡುವಿನಲ್ಲಿ ಈ ಕೆಲಸ ಮುಗಿಸಿ, ಲಮ್‌ಜುಂಗ್ ಜಿಲ್ಲೆಯ ಕೇಂದ್ರವಾದ ಬೇಸಿಶಹರಕ್ಕೆ ಬಸ್ಸು ಹಿಡಿದೆವು. ಅಕ್ಟೋಬರ್ ತಿಂಗಳು, ದಸೈಂ ಹಬ್ಬದ ದಿನಗಳು. ನಮ್ಮ ದಸರೆಯ ಹೊತ್ತಿಗೇ ಬರುವ ಈ ಹಬ್ಬಕ್ಕೆ ಊರೂರುಗಳಲ್ಲಿ ಎತ್ತರದ ಬಿದಿರು ನೆಟ್ಟು ಉಯ್ಯಾಲೆ ಕಟ್ಟಿದ್ದರು. ಬಸ್ಸಿನ ತುಂಬ ಊರಿಗೆ ಮರಳುವವರು, ಮಾಡಿನ ಮೇಲೆ ಕಟ್ಟಿಹಾಕಿದ ಆಡುಗಳು.

ಬೇಸಿಶಹರದ ಎತ್ತರ ಸುಮಾರು 760 ಮೀಟರ್. ಅಲ್ಲಿಂದ ಮನಾಂಗ್ ಜಿಲ್ಲೆಯ ಕೇಂದ್ರವಾದ ಚಾಮೆಗೆ (2,670 ಮೀಟರ್) ಈಗ ಜೀಪು ಓಡುತ್ತದೆ. ಹಿಂದೆ ಹಲವು ದಿನ ನಡೆಯಬೇಕಿದ್ದ ದೂರವದು. ರಸ್ತೆ ಎಂದರೆ ಬಂಡೆಯನ್ನು ಕೊರೆದು ಮಾಡಿದ ಒಂದು ಗೀರು, ಅಷ್ಟೇ. ಒಂದು ಕಡೆ ಗೋಡೆ, ಇನ್ನೊಂದು ಕಡೆ ನದಿ, ಕೆಲವೆಡೆ ತಲೆಯ ಮೇಲೇ ಸುರಿಯುವ ಜಲಪಾತ. 2021ರ ಮಳೆಗಾಲದ ಪ್ರವಾಹ ಈ ಕಣಿವೆಯ ತಾಲ್, ಚಾಮೆ ಮುಂತಾದ ಊರುಗಳನ್ನು ಜರ್ಜರಿತಗೊಳಿಸಿತ್ತು; ಅದರ ಗುರುತುಗಳು ನದಿಯ ಅಂಚಿನಲ್ಲಿ ಇನ್ನೂ ಕಾಣುತ್ತಿದ್ದವು. ರಸ್ತೆ ಬಂದದ್ದರಿಂದ ಚಾರಣ ಹಾಳಾಯಿತು ಎಂದು ಹಳೆಯ ಚಾರಣಿಗರು ಗೊಣಗುವುದುಂಟು. ಹೆರಿಗೆಗೆ ಆಸ್ಪತ್ರೆ ಸೇರಬೇಕಾದ ಹೆಂಗಸು ಆ ಮಾತನ್ನು ಒಪ್ಪಲಿಕ್ಕಿಲ್ಲ. ಆದರೆ ಜೀಪಿನಿಂದ ಒಂದು ತೊಡಕಂತೂ ಇದೆ: ಅದು ಎರಡು ಸಾವಿರ ಮೀಟರ್ ಎತ್ತರವನ್ನು ಒಂದೇ ದಿನದಲ್ಲಿ ನುಂಗಿಹಾಕುತ್ತದೆ. ಹೀಗಾಗಿ ನಮ್ಮ ಮಾರ್ಗದರ್ಶಿ ಚಾಮೆಯಲ್ಲೇ ಜೀಪನ್ನು ಬಿಡಿಸಿದ. ಲಮ್‌ಜುಂಗ್ ಕಡೆಯ ಗುರುಂಗ್ ಸಮುದಾಯದ, ಮೂವತ್ತರ ಆಸುಪಾಸಿನ ಮಿತಭಾಷಿ. ಭಾವನನ್ನು ‘ದಾಯಿ’ ಎಂದು, ಅಂದರೆ ಅಣ್ಣ ಎಂದು ಕರೆಯುತ್ತಿದ್ದ. ಇದೇ ರಸ್ತೆ ಮನಾಂಗ್‌ವರೆಗೂ ಹೋಗುತ್ತದಲ್ಲ, ಒಂದು ದಿನ ಉಳಿಸಬಹುದಲ್ಲ ಎಂದು ಭಾವ ಕೇಳಿದರೆ, “ಉಳಿಸಿದ ದಿನವನ್ನು ಮೇಲೆ ಹೋಗಿ ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ ದಾಯಿ” ಎಂದು ಹಿಂದಿಯಲ್ಲಿ ಹೇಳಿ ಚೀಲ ಇಳಿಸತೊಡಗಿದ.

ಭಾವನ ಬಗ್ಗೆ ಒಂದು ಮಾತು ಹೇಳಬೇಕು. ಬೆಂಗಳೂರಿನಲ್ಲಿ ಬೆಳಗಿನ ಜಾವ ಎದ್ದು ಓಡುವವರು, ಮ್ಯಾರಥಾನ್ ಮುಗಿಸಿದವರು, ಐವತ್ತು ದಾಟಿದರೂ ಹೊಟ್ಟೆ ಎಂಬುದಿಲ್ಲ. ಕುಮಾರಪರ್ವತವನ್ನು ಹತ್ತುವಾಗ ನನ್ನನ್ನು ಹಿಂದೆ ಬಿಟ್ಟು ಹೋದವರು. ಹೀಗಾಗಿ ತೊಂದರೆಯಾದರೆ ನನಗೇ ಆಗಬೇಕು ಎಂಬುದು ಅಕ್ಕನೂ ಸೇರಿ ಮನೆಯವರೆಲ್ಲರ ಅಂದಾಜಾಗಿತ್ತು.

ಚಾಮೆಯಿಂದ ಮುಂದೆ ಪೈನ್ ಮರಗಳ ಕಾಡು. ಭ್ರತಾಂಗ್ ಎಂಬಲ್ಲಿ ದೊಡ್ಡದೊಂದು ಸೇಬಿನ ತೋಟ. ಅದನ್ನು ದಾಟಿದ ಮೇಲೆ ನದಿಯ ಆಚೆ ದಡದಲ್ಲಿ, ಬಾಣಲೆಯ ಒಳಮೈಯಂತೆ ನಯವಾಗಿ ಬಾಗಿ ನಿಂತ ಪಾಂಗ್ಡಾ ಡಾಂಡಾ ಎಂಬ ಮಹಾ ಬಂಡೆ, ನದಿಯಿಂದ ಸುಮಾರು 1,500 ಮೀಟರ್ ಮೇಲೇರುತ್ತದೆ. ಅದನ್ನು ದಾಟಿದ್ದೇ ತಡ, ಭೂಮಿಯ ಬಣ್ಣವೇ ಬದಲಾಯಿತು. ಅನ್ನಪೂರ್ಣ ಶ್ರೇಣಿ ಮುಂಗಾರಿನ ಮೋಡಗಳನ್ನು ದಕ್ಷಿಣದಲ್ಲೇ ತಡೆದುಬಿಡುವುದರಿಂದ ಇಲ್ಲಿಂದಾಚೆ ಮಳೆ ಕಡಿಮೆ. ಹಸಿರು ತೆಳುವಾಗಿ, ಮಣ್ಣು ಬೂದಾಗಿ, ಮನೆಗಳ ಇಳಿಜಾರು ಮಾಡುಗಳು ಹೋಗಿ ಸಪಾಟಾದ ಮಣ್ಣಿನ ಮಾಳಿಗೆಗಳು ಬರುತ್ತವೆ.

ಪಿಸಾಂಗ್‌ನಿಂದ ಮನಾಂಗ್‌ಗೆ ಎರಡು ದಾರಿ. ಕೆಳಗಿನದು ನದಿಯ ಪಕ್ಕದ ಜೀಪು ರಸ್ತೆ, ಸಮತಟ್ಟು. ಮೇಲಿನದು ಘ್ಯಾರು, ನ್ಗಾವಲ್ ಎಂಬ ಹಳ್ಳಿಗಳ ಮೂಲಕ ಹೋಗುವ ಕಾಲುಹಾದಿ. ಬಂಡೆಗಳ ಮೇಲೆ ಬಳಿದ ಕೆಂಪು-ಬಿಳಿ ಪಟ್ಟಿಗಳೇ ಅದರ ಗುರುತು. ಮೇಲಿನ ದಾರಿಯನ್ನು ಆರಿಸಲು ನೋಟವೊಂದೇ ಕಾರಣವಲ್ಲ. ಹಗಲು ಎತ್ತರಕ್ಕೆ ಹೋಗಿ ರಾತ್ರಿ ಅದಕ್ಕಿಂತ ತಗ್ಗಿನಲ್ಲಿ ಮಲಗಿದರೆ ದೇಹ ಬೇಗ ಹದಕ್ಕೆ ಬರುತ್ತದೆ ಎಂಬ ಲೆಕ್ಕಾಚಾರವೂ ಇದೆ. ಘ್ಯಾರುವಿಗೆ ಹತ್ತುವ ಏರು ಸುಮಾರು 400 ಮೀಟರ್, ಅಂಕುಡೊಂಕಾಗಿ ಒಂದೇ ಸಮನೆ. ಭಾವ ಅದನ್ನು ಓಟಗಾರನ ಹುರುಪಿನಲ್ಲಿ ಹತ್ತಿ, ಮೇಲೆ ಕುಳಿತು ನಮಗಾಗಿ ಕಾದರು. ಮಾರ್ಗದರ್ಶಿ ಮಾತ್ರ ಒಂದು ಹೆಜ್ಜೆಯ ಹಿಮ್ಮಡಿಯನ್ನು ಇನ್ನೊಂದರ ತುದಿಗೆ ತಾಗಿಸುವ ಹಾಗೆ, ಮೂಗಿನಲ್ಲೇ ಉಸಿರಾಡುತ್ತ ಬಂದ. “ಬಿಸ್ತಾರೈ, ಬಿಸ್ತಾರೈ” ಎಂದು ಭಾವನಿಗೆ ಹೇಳಿದ. ನಿಧಾನ, ನಿಧಾನ. ಬಾಯಿಂದ ಉಸಿರೆಳೆಯುವಷ್ಟು ಜೋರಾಗಿ ನಡೆದರೆ ಅದು ಜೋರು ಹೆಚ್ಚಾಯಿತು ಎಂದರ್ಥ, ಮಾತಾಡುತ್ತ ನಡೆಯಲು ಬಂದರೆ ಸರಿಯಾದ ಗತಿ ಎಂಬ ಲೆಕ್ಕ ಅವನದು.

ಘ್ಯಾರುವಿನಿಂದ ಕಣಿವೆಯ ಆಚೆಗೆ ಅನ್ನಪೂರ್ಣ-2 (7,937 ಮೀಟರ್) ಬುಡದಿಂದ ತುದಿಯವರೆಗೆ ಕಾಣುತ್ತದೆ. ಆ ಬಗ್ಗೆ ಹೆಚ್ಚು ಬರೆಯಲಾರೆ. ಫೋಟೊಗಳು ಬೇಕಾದಷ್ಟು ಇವೆ. ನನ್ನ ಕಣ್ಣು ನಿಂತದ್ದು ನ್ಗಾವಲ್‌ನ ಒಂದು ಮಾಳಿಗೆಯ ಮೇಲೆ. ಒಂದೇ ಮರದ ದಿಮ್ಮಿಯಲ್ಲಿ ಕಚ್ಚು ಕೊರೆದು ಮಾಡಿದ ಏಣಿ ಹತ್ತಿಹೋದರೆ, ತಾಯಿ-ಮಗಳಿಬ್ಬರು ಕುಳಿತು ಫಾಪರ್, ಅಂದರೆ ಬಕ್‌ವೀಟ್ ಧಾನ್ಯ ಬಡಿಯುತ್ತಿದ್ದರು. ಒಣಗಿದ ಕೆಂಪು ದಂಟುಗಳ ಕಟ್ಟನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಕೋಲಿನಿಂದ ಬಡಿದಾಗ ಮೂರು ಮೂಲೆಯ ಕಪ್ಪು ಕಾಳುಗಳು ಕಂಬಳಿಯ ಮೇಲೆ ಉದುರುತ್ತಿದ್ದವು. ನಂತರ ಮೊರದಲ್ಲಿ ಎತ್ತಿ ಗಾಳಿಗೆ ತೂರುವುದು ಥೇಟ್ ನಮ್ಮ ಕಣದಲ್ಲಿ ರಾಗಿ ತೂರುವ ರೀತಿಯೇ. ಮಾಳಿಗೆಯ ಅಂಚಿನುದ್ದಕ್ಕೂ ಚಳಿಗಾಲಕ್ಕೆಂದು ಸೌದೆ ಒಟ್ಟಿದ್ದರು. ಪಕ್ಕದ ಐದಾರು ಮನೆಗಳಿಗೆ ಬೀಗ. ಮನಾಂಗ್‌ನ ಜನ ಹಿಂದಿನಿಂದಲೂ ವ್ಯಾಪಾರಿಗಳು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ನೇಪಾಳದ ಅರಸರು ಕೊಟ್ಟ ವಿಶೇಷ ವ್ಯಾಪಾರ ರಿಯಾಯಿತಿಯಿಂದಾಗಿ ಅವರು ಬ್ಯಾಂಕಾಕ್, ಹಾಂಗ್‌ಕಾಂಗ್‌ವರೆಗೂ ಹೋಗಿ ದುಡ್ಡು ಮಾಡಿದರು. ಈಗ ಅನೇಕರ ಸಂಸಾರ ಕಠ್ಮಂಡುವಿನಲ್ಲಿ. ಲಾಡ್ಜುಗಳಲ್ಲಿ ಅಡುಗೆ ಮಾಡುವವರು, ಹೊಲದಲ್ಲಿ ದುಡಿಯುವವರು ಹೆಚ್ಚಾಗಿ ಕೆಳಗಿನ ಜಿಲ್ಲೆಗಳಿಂದ ಬಂದವರು. ಕಾಫಿ ಸೀಮೆಯ ತೋಟಗಳಲ್ಲೂ ಇದೇ ಕತೆಯಲ್ಲವೇ ಎಂದು ಭಾವ ನನ್ನ ಮುಖ ನೋಡಿದರು.

ಸುಮಾರು 3,540 ಮೀಟರ್ ಎತ್ತರದ ಮನಾಂಗ್‌ನಲ್ಲಿ ಒಂದು ದಿನ ನಿಲ್ಲದೆ ಮುಂದೆ ಹೋಗಬಾರದು. ನಿಲ್ಲುವುದೆಂದರೆ ಹಾಸಿಗೆಯಲ್ಲಿ ಬಿದ್ದುಕೊಳ್ಳುವುದಲ್ಲ. ಗಂಗಾಪೂರ್ಣ ಹಿಮನದಿಯ ಕೆರೆಯ ಮೇಲಿನ ಗುಡ್ಡವನ್ನೋ ಬೇರೆ ಯಾವುದಾದರೂ ಏರನ್ನೋ ಹತ್ತಿ ಇಳಿದು ಬರಬೇಕು. ಮಧ್ಯಾಹ್ನ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಚಿಕಿತ್ಸಾ ಕೇಂದ್ರದಲ್ಲಿ ವೈದ್ಯರ ಉಪನ್ಯಾಸವಿತ್ತು. 1973ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಚಾರಣದ ಋತುವಿನಲ್ಲಿ ಇಲ್ಲಿ ಸ್ವಯಂಸೇವಕ ವೈದ್ಯರನ್ನು ಇರಿಸುತ್ತದೆ. ಬೆಂಚುಗಳ ಮೇಲೆ ಹತ್ತಾರು ದೇಶಗಳ ಜನ, ಎಲ್ಲರ ತುಟಿಯೂ ಒಡೆದದ್ದು, ಎಲ್ಲರ ಮೂಗೂ ಸುಲಿದದ್ದು.

ವೈದ್ಯೆ ಹೇಳಿದ್ದರ ತಿರುಳು ಇಷ್ಟು. ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಬದಲಾಗುವುದಿಲ್ಲ, ಅದು ಎಲ್ಲೆಡೆಯೂ ಶೇಕಡ 21. ಇಳಿಯುವುದು ಗಾಳಿಯ ಒತ್ತಡ. 5,500 ಮೀಟರ್ ಸುಮಾರಿಗೆ ಅದು ಸಮುದ್ರಮಟ್ಟದ ಅರ್ಧಕ್ಕೆ ಬರುತ್ತದೆ, ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಅರ್ಧವಾಗುತ್ತದೆ. ದೇಹ ಮೊದಲು ಉಸಿರಾಟವನ್ನು ಹೆಚ್ಚಿಸಿಕೊಳ್ಳುತ್ತದೆ. ಅದರಿಂದ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಮೂತ್ರಪಿಂಡಗಳು ಅದನ್ನು ಸರಿದೂಗಿಸಲು ಕೆಲವು ದಿನ ಹಿಡಿಯುತ್ತದೆ. ಕೆಂಪು ರಕ್ತಕಣಗಳು ಹೆಚ್ಚುವುದಕ್ಕೆ ವಾರಗಳೇ ಬೇಕು. ಹೀಗಾಗಿ 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು. ರಾತ್ರಿ ನಿದ್ದೆಯಲ್ಲಿ ಉಸಿರು ಕೆಲವು ಕ್ಷಣ ನಿಂತು, ಮತ್ತೆ ದೀರ್ಘವಾಗಿ ಎಳೆದುಕೊಳ್ಳುವುದು ಈ ಎತ್ತರದಲ್ಲಿ ಸಾಮಾನ್ಯ ಎಂದಾಗ ನನಗೆ ಸಮಾಧಾನವಾಯಿತು. ಹಿಂದಿನ ರಾತ್ರಿ ಭಾವನ ಉಸಿರು ನಿಂತು ನಿಂತು ಬರುವುದನ್ನು ಕೇಳುತ್ತ, ಎಬ್ಬಿಸಬೇಕೋ ಬೇಡವೋ ತಿಳಿಯದೆ ನಾನು ಎಚ್ಚರವಾಗಿಯೇ ಇದ್ದೆ.

ಕೊನೆಗೆ ಅವರು, ದೈಹಿಕ ಕಸುವಿಗೂ ಎತ್ತರಕ್ಕೆ ದೇಹ ಒಗ್ಗದೆ ಬರುವ ಕಾಯಿಲೆಗೂ ಸಂಬಂಧವಿಲ್ಲ, ಗಟ್ಟಿಮುಟ್ಟಾದವರು ವೇಗವಾಗಿ ಹತ್ತುವುದರಿಂದ ಅವರಿಗೇ ಅಪಾಯ ಹೆಚ್ಚಾಗಬಹುದು ಎಂದರು. ಈ ಎತ್ತರದಲ್ಲಿ ಬಂದ ತಲೆನೋವು ಬೇರೆ ಯಾವುದೋ ಕಾರಣದ್ದೆಂದು ಖಚಿತವಾಗುವ ತನಕ ಅದನ್ನು ಎತ್ತರದ ಕಾಯಿಲೆ ಎಂದೇ ಎಣಿಸಬೇಕು. ಲಕ್ಷಣಗಳಿರುವಾಗ ಇನ್ನಷ್ಟು ಮೇಲೆ ಹೋಗಿ ಮಲಗಬಾರದು. ಹೆಚ್ಚಾದರೆ ಇಳಿಯಬೇಕು, ರಾತ್ರಿಯಾದರೂ ಸರಿ. ನಡೆಯುವಾಗ ಕುಡಿದವರ ಹಾಗೆ ತೂರಾಡಿದರೆ ಮೆದುಳಿನಲ್ಲಿ ಊತ, ಕುಳಿತಲ್ಲೇ ಏದುಸಿರು ಬಂದರೆ ಶ್ವಾಸಕೋಶದಲ್ಲಿ ನೀರು ಎಂದು ಅನುಮಾನಿಸಬೇಕು. ಎರಡೂ ಪ್ರಾಣಾಂತಿಕ. ಭಾವ ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡರು.

ಮನಾಂಗ್‌ನಿಂದ ಮುಂದಿನ ತಂಗುದಾಣ ಯಾಕ್ ಖರ್ಕ, 4,050 ಮೀಟರ್. ಅಲ್ಲಿಗೆ ಮರಗಳು ಮುಗಿದು, ಕುಳ್ಳನೆಯ ಜುನಿಪರ್ ಪೊದೆಗಳು ಮಾತ್ರ ಉಳಿಯುತ್ತವೆ. ಸಂಜೆ ಭಾವ ದಾಲ್‌ಭಾತ್‌ನ ತಟ್ಟೆಯನ್ನು ಹಾಗೆಯೇ ದೂಡಿದರು. ತಲೆ ನೋಯುತ್ತಿದೆ, ಬಿಸಿಲು ತಾಗಿರಬೇಕು ಎಂದರು. ಬೆಳ್ಳುಳ್ಳಿ ಸಾರು ಕುಡಿದು, ಪ್ಯಾರಸಿಟಮಾಲ್ ನುಂಗಿ ಮಲಗಿದರು. ಬೆಳಿಗ್ಗೆಯೂ ತಲೆನೋವು ಹಾಗೇ ಇತ್ತು, ಜೊತೆಗೆ ಎರಡು ಸಲ ವಾಂತಿ. ಮಾರ್ಗದರ್ಶಿ ಅಂಗಳದಲ್ಲಿ ಕೋಲಿನಿಂದ ಗೆರೆ ಎಳೆದು, ಹಿಮ್ಮಡಿಗೆ ಬೆರಳು ತಾಗಿಸುತ್ತ ಅದರ ಮೇಲೆ ನಡೆಯಲು ಹೇಳಿದ. ಭಾವ ನೆಟ್ಟಗೆ ನಡೆದರು.

“ನೋಡಿದೆಯಲ್ಲ, ಸರಿಯಾಗಿದ್ದೇನೆ. ಎಲ್ಲರೂ ಹೊರಟಿದ್ದಾರೆ, ನಾವೂ ನಿಧಾನವಾಗಿ ಹೋಗೋಣ” ಎಂದರು ನನಗೆ.

“ಭಾವ, ನಿಮ್ಮ ಪುಸ್ತಕದಲ್ಲಿ ನೀವೇ ಏನು ಬರೆದುಕೊಂಡಿದ್ದೀರಿ, ಒಮ್ಮೆ ಓದಿ” ಎಂದೆ.

ಅವರಿಗೆ ಸಿಟ್ಟು ಬಂತು. ಮಾರ್ಗದರ್ಶಿ ವಾದಕ್ಕಿಳಿಯಲಿಲ್ಲ. ಗೆರೆಯ ಮೇಲೆ ನಡೆದದ್ದರಿಂದ ಗೊತ್ತಾಗುವುದು ನಾವು ಹೆಲಿಕಾಪ್ಟರ್ ಕರೆಸಬೇಕಿಲ್ಲ, ನಡೆದೇ ಇಳಿಯಬಹುದು ಎಂಬುದಷ್ಟೇ ಎಂದು ಹೇಳಿ, ಭಾವನ ಚೀಲವನ್ನು ತಾನೇ ಹೊತ್ತು ಮನಾಂಗ್‌ನ ದಿಕ್ಕಿಗೆ ನಡೆದುಬಿಟ್ಟ. ಚೀಲ ಹೋದ ಮೇಲೆ ಭಾವ ಹಿಂಬಾಲಿಸಲೇಬೇಕಾಯಿತು. ಎದುರಿಗೆ ಹತ್ತಿಬರುವವರೆಲ್ಲ ಏಕೆ ಇಳಿಯುತ್ತಿದ್ದೀರಿ ಎಂದು ಕೇಳುವಾಗ ಅವರು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಏನೋ ಒಂದು ಹೇಳುತ್ತಿದ್ದರು. ಐನೂರು ಮೀಟರ್ ಇಳಿಯುವಷ್ಟರಲ್ಲಿ ತಲೆನೋವು ಅರ್ಧ ಕರಗಿತ್ತು, ಸಂಜೆಗೆ ಹಸಿವಾಯಿತು. ಅದೇ ವೈದ್ಯೆ ಪರೀಕ್ಷಿಸಿ, ಸಲ್ಫಾ ಔಷಧಿಗಳ ಅಲರ್ಜಿ ಇಲ್ಲವೆಂದು ಕೇಳಿ ತಿಳಿದು, ದೇಹ ಎತ್ತರಕ್ಕೆ ಒಗ್ಗಲು ನೆರವಾಗುವ ಡಯಾಮಾಕ್ಸ್ ಮಾತ್ರೆ ಬರೆದುಕೊಟ್ಟರು. ಲಕ್ಷಣಗಳು ಪೂರ್ತಿ ಹೋದ ಮೇಲೆ ಮತ್ತೆ ಹತ್ತಬಹುದು, ಈ ಸಲ ನಡುವೆ ಇನ್ನೊಂದು ಕಡೆ ತಂಗಿ ಹೋಗಿ ಎಂದರು.

ಎರಡನೆಯ ಸಲ ಅದೇ ದಾರಿಯಲ್ಲಿ ಹತ್ತಿದ್ದು ನನಗೆ ಬೇಸರ ತರಲಿಲ್ಲ. ಮೊದಲ ಸಲ ಕಾಣದ ನೀಲಿ ಕುರಿಗಳ ಹಿಂಡು ಈಗ ಕಂಡಿತು. ಅವು ಚಂದವೂ ಹೌದು, ತಲೆನೋವೂ ಹೌದು. ಪಾಸ್‌ನ ಬುಡದ ತಂಗುದಾಣವಾದ ಥೊರಾಂಗ್ ಫೇದಿಗೆ ಮುಂಚೆ ಭೂಕುಸಿತದ ಒಂದು ಇಳಿಜಾರನ್ನು ಅಡ್ಡಲಾಗಿ ದಾಟಬೇಕು. ಮೇಲೆ ಮೇಯುವ ಈ ಕುರಿಗಳ ಕಾಲಿಗೆ ಸಿಕ್ಕಿದ ಕಲ್ಲುಗಳು ಗುಂಡಿನಂತೆ ಉರುಳಿಬರುತ್ತವೆ. ಮಧ್ಯಾಹ್ನ ಗಾಳಿ ಎದ್ದಮೇಲೆ ಇನ್ನೂ ಕಷ್ಟ. ಬೆಳಿಗ್ಗೆಯೇ, ಒಬ್ಬೊಬ್ಬರಾಗಿ, ಅಂತರ ಬಿಟ್ಟು ದಾಟಿದೆವು.

ಪಾಸ್ ದಾಟುವ ದಿನ ಕತ್ತಲೆಯಲ್ಲೇ ಹೊರಟೆವು. ತಲೆಗೆ ಕಟ್ಟಿದ ದೀಪಗಳ ಸಾಲು ಮುಂದೆಯೂ ಹಿಂದೆಯೂ. ನೀರಿನ ಬಾಟಲಿಯ ಬಾಯಿ ಹೆಪ್ಪುಗಟ್ಟಿದ್ದರಿಂದ ತಲೆಕೆಳಗಾಗಿ ಇಟ್ಟುಕೊಂಡೆವು. ಮಂಜುಗಡ್ಡೆ ಮೊದಲು ಕಟ್ಟುವುದು ಮೇಲ್ಭಾಗದಲ್ಲಿ, ಆಗ ಅದು ಬಾಟಲಿಯ ತಳದ ಕಡೆ ಕಟ್ಟುತ್ತದೆ, ಬಾಯಿ ತೆರೆದಿರುತ್ತದೆ. ಇದೋ ಬಂತು ಎನಿಸುವ ದಿಬ್ಬಗಳು ಒಂದರ ಹಿಂದೆ ಒಂದು ಬಂದು, ಪ್ರತಿಯೊಂದರ ಆಚೆಗೂ ಮತ್ತೊಂದು ದಿಬ್ಬ. ಹತ್ತು ಹೆಜ್ಜೆ, ನಿಲ್ಲು, ಮತ್ತೆ ಹತ್ತು ಹೆಜ್ಜೆ. ಭಾವ ಈಗ ಮಾರ್ಗದರ್ಶಿಯ ಹಿಂದೆ, ಅವನ ಹೆಜ್ಜೆಯ ಮೇಲೇ ಹೆಜ್ಜೆ ಇಡುತ್ತ ನಡೆಯುತ್ತಿದ್ದರು. ಆಕಾಶ ತಿಳಿಯಾಗಿತ್ತು. ಪ್ರತಿ ಸಲ ಹೀಗೆ ಇರುವುದಿಲ್ಲ: 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುದ್‌ಹುದ್ ಚಂಡಮಾರುತದ ಶೇಷ ಎರಡು ದಿನಗಳಲ್ಲಿ ಇಲ್ಲಿಗೆ ಬಂದು ಹಿಮಪಾತವಾಗಿ ಸುರಿದಾಗ, ಈ ಭಾಗದ ಹಿಮಪಾತ ಹಾಗೂ ಹಿಮಕುಸಿತಗಳಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಬಂಗಾಳ ಕೊಲ್ಲಿಯ ಹವಾಮಾನ ವರದಿಯನ್ನು ನೋಡಿಕೊಂಡೇ ಈಗಿನ ಮಾರ್ಗದರ್ಶಿಗಳು ಇಲ್ಲಿ ಹೊರಡುವುದು.

ತುದಿಯಲ್ಲಿ ಪ್ರಾರ್ಥನೆಯ ಬಾವುಟಗಳು, ಒಂದು ಫಲಕ, ಒಂದು ಚಹಾದ ಗುಡಿಸಲು. ಚಹಾ ದುಬಾರಿ, ಆದರೆ ಸೀಮೆಎಣ್ಣೆಯಿಂದ ಸಕ್ಕರೆಯವರೆಗೆ ಎಲ್ಲವೂ ಹೇಗೆ ಮೇಲೆ ಬಂತೆಂದು ಯೋಚಿಸಿದವರು ಚೌಕಾಸಿ ಮಾಡಲಾರರು. ಫೋಟೊ ತೆಗೆದು ಬೇಗನೆ ಇಳಿಯತೊಡಗಿದೆವು. ಇಳಿಜಾರು ಒಂದೇ ದಿನದಲ್ಲಿ 1,600 ಮೀಟರ್. ಮೊಣಕಾಲುಗಳಿಗೆ ಹತ್ತುವುದಕ್ಕಿಂತ ಇದೇ ಶಿಕ್ಷೆ.

ಮುಕ್ತಿನಾಥದ 108 ಧಾರೆಗಳ ಕೆಳಗೆ ಓಡಿ, ಎರಡು ಕುಂಡಗಳಲ್ಲಿ ಮುಳುಗಿ, ಬಂಡೆಯ ಸಂದಿಯ ಅನಿಲದಿಂದ ತಾನಾಗಿ ಉರಿಯುವ ಜ್ವಾಲಾಮಾಯಿಯನ್ನು ನೋಡಿಬಂದೆವು. ಹಿಂದೂಗಳಿಗೂ ಬೌದ್ಧರಿಗೂ ಪವಿತ್ರವಾದ ಜಾಗ. ಕೆಳಗಿನ ರಾಣಿಪೌವಾ ಬೀದಿಯಲ್ಲಿ ಸಾಲಿಗ್ರಾಮದ ರಾಶಿಗಳು: ಹಿಮಾಲಯ ಏಳುವ ಮುನ್ನ ಇಲ್ಲಿದ್ದ ಟೆಥಿಸ್ ಸಮುದ್ರದ ಅಮೋನೈಟ್ ಜೀವಿಗಳ ಪಳೆಯುಳಿಕೆಗಳು. ಭಾವ ತಾಯಿಗೆಂದು ಒಂದನ್ನು ಆರಿಸುತ್ತಿರುವಾಗ ಪಕ್ಕದಿಂದ ಕನ್ನಡ ಕೇಳಿಸಿತು. ಮೈಸೂರು ಕಡೆಯ ಯಾತ್ರಿಕರ ಗುಂಪು. ಬೆಳಿಗ್ಗೆ ಪೋಖರಾದಲ್ಲಿದ್ದವರು ಸಂಜೆಗೆ ಇಲ್ಲಿದ್ದರು. ಅಂದರೆ ಸುಮಾರು 820 ಮೀಟರಿನಿಂದ 3,700 ಮೀಟರಿಗೆ ಒಂದೇ ದಿನದಲ್ಲಿ. ಅವರಲ್ಲೊಬ್ಬ ಅಜ್ಜಿ ಅಂಗಡಿಯ ಬೆಂಚಿನ ಮೇಲೆ ಹಣೆ ಹಿಡಿದು ಕುಳಿತಿದ್ದರು. ಪಿತ್ತ ಏರಿದೆ, ರಾತ್ರಿ ಮಲಗಿದರೆ ಸರಿಹೋಗುತ್ತದೆ ಎಂದು ಗುಂಪಿನ ಮುಖಂಡರು ಹೇಳುತ್ತಿದ್ದರು.

ಭಾವ ಸಾಲಿಗ್ರಾಮವನ್ನು ಅಂಗಡಿಯವಳ ಕೈಗೆ ವಾಪಸು ಕೊಟ್ಟು ಎದ್ದರು. ಅಮ್ಮಾ, ವಾಂತಿ ಬಂತೇ, ಊಟ ಸೇರುತ್ತದೆಯೇ ಎಂದು ವಿಚಾರಿಸಿದರು. ಆಮೇಲೆ ಮುಖಂಡರಿಗೆ, ಇವರನ್ನು ಇಲ್ಲಿ ಮಲಗಿಸಬೇಡಿ, ಇನ್ನೂ ಬೆಳಕಿರುವಾಗಲೇ ಜೊಮ್‌ಸೊಮ್‌ಗೆ ಕರೆದೊಯ್ಯಿರಿ, ಅದು ಸಾವಿರ ಮೀಟರ್ ತಗ್ಗಿನಲ್ಲಿದೆ, ಆಸ್ಪತ್ರೆಯೂ ಇದೆ, ದರ್ಶನವಂತೂ ಆಯಿತಲ್ಲ ಎಂದರು. ಅವರು ಹೋಟೆಲಿಗೆ ಮುಂಗಡ ಕೊಟ್ಟಾಗಿದೆ ಎಂದು ಅನುಮಾನಿಸಿದಾಗ, ತಮ್ಮ ಪುಸ್ತಕ ತೆರೆದು ಮನಾಂಗ್‌ನ ವೈದ್ಯೆ ಹೇಳಿದ್ದನ್ನು ಒಂದೊಂದಾಗಿ ಓದಿ ಹೇಳತೊಡಗಿದರು. ಅಷ್ಟರಲ್ಲಿ ನಮ್ಮ ಮಾರ್ಗದರ್ಶಿ ಹೋಗಿ ಒಂದು ಜೀಪನ್ನು ಮಾತಾಡಿಕೊಂಡು ಬಂದಿದ್ದ. ಅಜ್ಜಿಯೂ ಅವರ ಮಗನೂ ಅದರಲ್ಲಿ ಹೊರಟರು. ಉಳಿದವರು ಮರುದಿನ ಬೆಳಿಗ್ಗೆ ಇಳಿಯುವುದೆಂದು ತೀರ್ಮಾನವಾಯಿತು. ಮುಂದಿನ ಸಲ ಮೇಲೆ ಬರುವಾಗ ಜೊಮ್‌ಸೊಮ್‌ನಲ್ಲೋ ಕಾಗ್‌ಬೇನಿಯಲ್ಲೋ ಒಂದು ರಾತ್ರಿ ತಂಗಿಸಿ ಕರೆತರುವುದಾಗಿ ಮುಖಂಡರು ಒಪ್ಪಿಕೊಂಡು, ಪುಸ್ತಕದ ಆ ಪುಟದ ಫೋಟೊ ತೆಗೆದುಕೊಂಡರು.